ಮೊನಚು ಕಮಾನು ಯಾರದು? ಡರ್ಹಾಮ್, ಕಾರ್ಡೋಬಾ, ಕಲಬುರಗಿ

ಪ್ರಶ್ನೆ: ನಮ್ಮ ಊರು ಕಲಬುರಗಿ. ಕೋಟೆಯೊಳಗಿನ ಜಾಮಿ ಮಸೀದಿಯನ್ನು ಎಳವೆಯಿಂದ ನೋಡುತ್ತ ಬಂದಿದ್ದೇನೆ. ಇಂಗ್ಲೆಂಡಿನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಡರ್ಹಾಮಿನ ಕ್ಯಾಥೆಡ್ರಲ್ಲನ್ನೂ ರೋಚೆಸ್ಟರಿನ ಕೋಟೆಯನ್ನೂ ನೋಡಿದೆವು. ಡರ್ಹಾಮಿನಲ್ಲಿ ತಲೆಯೆತ್ತಿದರೆ ನಮ್ಮ ಮಸೀದಿಯ ಮೊನಚು ಕಮಾನುಗಳೇ ಕಂಡಂತಾಯಿತು. ಯುರೋಪಿನವರು ಇದನ್ನು ಮುಸ್ಲಿಮರಿಂದ ಕಲಿತರೇ? ಕಲಬುರಗಿಯ ಮಸೀದಿ ಸ್ಪೇನಿನ ಕಾರ್ಡೋಬಾ ಮಸೀದಿಯ ನಕಲು ಎಂದು ಇಲ್ಲಿ ಎಲ್ಲರೂ ಹೇಳುತ್ತಾರೆ, ಅದು ನಿಜವೇ? ರೋಚೆಸ್ಟರ್ ಕೋಟೆಯ ಮೂರು ಮೂಲೆಗಳು ಚೌಕವಾಗಿದ್ದು ಒಂದು ಮಾತ್ರ ದುಂಡಗಿರುವುದೇಕೆ? ಕೋಟೆಯ ಸುರುಳಿ ಮೆಟ್ಟಿಲು ಬಲಗೈಯಲ್ಲಿ ಕತ್ತಿ ಹಿಡಿದವರಿಗೆ ಅನುಕೂಲವಾಗಲೆಂದೇ ಹಾಗೆ ತಿರುಗುತ್ತದೆ ಎಂದು ಗೈಡ್ ಹೇಳಿದ್ದು ಸರಿಯೇ?

ಉತ್ತರ: ನಿಮ್ಮ ಮೊದಲ ಪ್ರಶ್ನೆಗೆ ಬಹುಮಟ್ಟಿಗೆ ಹೌದು, ಎರಡನೆಯದಕ್ಕೆ ಇಲ್ಲ ಎಂಬುದು ನನ್ನ ಉತ್ತರ. ಮೂರನೆಯದಕ್ಕೆ ನಲವತ್ತು ಹಂದಿಗಳು ಕಾರಣ. ನಾಲ್ಕನೆಯದು ಕೇಳಲು ಸೊಗಸಾದ, ಆದರೆ ಆಧಾರ ಸಾಲದ ಕಥೆ. ಇಷ್ಟನ್ನೇ ಹೇಳಿ ಮುಗಿಸಬಹುದಿತ್ತು. ಆದರೆ ಕಮಾನಿನ ಹೊರಗೆರೆಯೊಂದನ್ನೇ ನೋಡಿ ‘ಇವರು ಅವರಿಂದ ತಂದರು’ ಎಂದು ತೀರ್ಪು ಕೊಡುವ ರೂಢಿ ಬಹಳ ಹಬ್ಬಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಹಳೆಯ ಕಟ್ಟಡವೊಂದನ್ನು ಅರ್ಥಮಾಡಿಕೊಳ್ಳಲು ನಾನು ಎರಡು ಸಂಗತಿಗಳನ್ನು ಮೊದಲು ನೋಡುತ್ತೇನೆ: ಚಾವಣಿಯ ಭಾರ ಯಾವ ದಾರಿ ಹಿಡಿದು ನೆಲಕ್ಕೆ ಇಳಿಯುತ್ತದೆ, ಮತ್ತು ಆ ಚಾವಣಿಯ ಕೆಳಗೆ ಜನ ಏನು ಮಾಡುತ್ತಿದ್ದರು. ಚರ್ಚು, ಮಸೀದಿ, ಕೋಟೆ ಈ ಮೂರೂ ಒಂದೇ ಬಗೆಯ ಕಮಾನನ್ನು ಬಳಸಿಯೂ ಬೇರೆ ಬೇರೆಯಾಗಿ ಕಾಣುವುದಕ್ಕೆ ಕಾರಣ ಇಲ್ಲಿಯೇ ಸಿಗುತ್ತದೆ.

ಭಾರದಿಂದ ಆರಂಭಿಸೋಣ. ಕಲ್ಯಾಣ ಚಾಲುಕ್ಯರ ಅಥವಾ ಹೊಯ್ಸಳರ ದೇವಾಲಯಗಳಲ್ಲಿ ಕಂಬದ ಮೇಲೆ ತೊಲೆ, ತೊಲೆಯ ಮೇಲೆ ಚಪ್ಪಡಿ ಕೂರುತ್ತದೆ. ಭಾರ ನೇರವಾಗಿ ಕೆಳಗಿಳಿಯುತ್ತದೆ. ಕಲ್ಲಿನ ತೊಲೆ ಉದ್ದವಾದಷ್ಟೂ ನಡುವೆ ಬಿರಿಯುವ ಅಪಾಯ ಹೆಚ್ಚು, ಆದ್ದರಿಂದ ಅಲ್ಲಿ ಕಂಬಗಳು ಹತ್ತಿರ ಹತ್ತಿರ ನಿಲ್ಲಬೇಕು. ಕಮಾನು ಈ ಕಟ್ಟನ್ನು ಬಿಡಿಸುತ್ತದೆ. ಒಬ್ಬಿಬ್ಬರು ಎತ್ತಬಹುದಾದ ಸಣ್ಣ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡು ದೊಡ್ಡ ಅಂತರವನ್ನು ದಾಟುತ್ತವೆ. ಆದರೆ ಹಾಗೆ ದಾಟುವ ಕಮಾನು ತನ್ನ ಬುಡವನ್ನು ಎರಡೂ ಪಕ್ಕಕ್ಕೆ ಒದೆಯುತ್ತದೆ. ಎರಡು ಇಸ್ಪೀಟು ಎಲೆಗಳನ್ನು ಒಂದಕ್ಕೊಂದು ಒರಗಿಸಿ ನಿಲ್ಲಿಸಿದರೆ, ಕಡಿದಾಗಿ ನಿಲ್ಲಿಸಿದವು ನಿಲ್ಲುತ್ತವೆ, ಹರವಾಗಿ ನಿಲ್ಲಿಸಿದವು ಜಾರಿ ಬೀಳುತ್ತವೆ. ಕಮಾನಿನ ಲೆಕ್ಕವೂ ಅದೇ. ಒಂದೇ ಅಗಲ, ಒಂದೇ ಭಾರ ಇಟ್ಟುಕೊಂಡರೆ, ಕಮಾನಿನ ಎತ್ತರ ಎರಡು ಪಟ್ಟಾದಾಗ ಪಕ್ಕದ ಒದೆತ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ.

ರೋಮನ್ನರ ಅರ್ಧವೃತ್ತದ ಕಮಾನಿನಲ್ಲಿ ಈ ಎತ್ತರವನ್ನು ಆರಿಸಿಕೊಳ್ಳುವ ಸ್ವಾತಂತ್ರ್ಯವಿಲ್ಲ. ಅಗಲ 10 ಅಡಿಯಾದರೆ ಎತ್ತರ 5 ಅಡಿಯೇ ಆಗಬೇಕು. ಎರಡು ವೃತ್ತಖಂಡಗಳು ತುದಿಯಲ್ಲಿ ಸೇರುವ ಮೊನಚು ಕಮಾನಿನಲ್ಲಾದರೋ ಅದೇ 10 ಅಡಿಯ ಅಗಲಕ್ಕೆ 6 ಅಡಿಯೋ 8 ಅಡಿಯೋ ಹೆಚ್ಚೋ, ಬೇಕಾದಷ್ಟು ಎತ್ತರ ಕೊಡಬಹುದು. ಇದರಿಂದ ಒದೆತ ತಗ್ಗುವುದು ಒಂದು ಲಾಭ. ಅದಕ್ಕಿಂತ ದೊಡ್ಡ ಲಾಭ ಚಾವಣಿ ಹೊದಿಸುವಾಗ ತಿಳಿಯುತ್ತದೆ. ಒಂದು ಪಕ್ಕ 10 ಅಡಿ, ಇನ್ನೊಂದು ಪಕ್ಕ 20 ಅಡಿ ಇರುವ ಅಂಕಣಕ್ಕೆ ಕಲ್ಲಿನ ಕಮಾನುಚಾವಣಿ ಕಟ್ಟಬೇಕೆಂದುಕೊಳ್ಳಿ. ಮೂಲೆಯಿಂದ ಮೂಲೆಗೆ ಅಂತರ 22 ಅಡಿಗಿಂತ ತುಸು ಹೆಚ್ಚು. ಅರ್ಧವೃತ್ತಗಳನ್ನೇ ಬಳಸಿದರೆ ಒಂದು ಕಮಾನಿನ ನೆತ್ತಿ 5 ಅಡಿಗೆ, ಇನ್ನೊಂದರದು 10 ಅಡಿಗೆ, ಮೂಲೆಗೆರೆಯದು 11 ಅಡಿಯ ಮೇಲಕ್ಕೆ ಬರುತ್ತದೆ. ಮೂರೂ ಒಂದೇ ಮಟ್ಟದಲ್ಲಿ ಸೇರುವುದಿಲ್ಲ. ಅದಕ್ಕಾಗಿಯೇ ಅರ್ಧವೃತ್ತ ನಂಬಿದವರು ಚೌಕ ಅಂಕಣಗಳಿಗೆ ಅಂಟಿಕೊಂಡರು, ಇಲ್ಲವೇ ಕಿರಿಯ ಕಮಾನುಗಳ ಬುಡವನ್ನು ಗೋಡೆಯಲ್ಲಿ ಮೇಲಕ್ಕೆ ಏರಿಸಿ ಹೇಗೋ ಸರಿದೂಗಿಸಿದರು. ಮೊನಚು ಕಮಾನು ಬಂದ ಮೇಲೆ ಈ ತೊಡಕೇ ಉಳಿಯಲಿಲ್ಲ.

ಈ ಕಮಾನು ಮೊದಲು ಎಲ್ಲಿ ಬಂತು ಎಂದರೆ, ಪೂರ್ವದಲ್ಲಿ. ಸಿರಿಯಾದ ಕಸ್ರ್ ಇಬ್ನ್ ವರ್ದಾನ್ ಎಂಬಲ್ಲಿ 6ನೇ ಶತಮಾನದ ಬೈಜಾಂಟೈನ್ ಕಟ್ಟಡದಲ್ಲಿಯೇ, ಅಂದರೆ ಇಸ್ಲಾಮಿಗೂ ಮುಂಚೆ, ಅದರ ನಿದರ್ಶನವಿದೆ. ಆದರೆ ಅದನ್ನು ಒಂದು ಪದ್ಧತಿಯಾಗಿ ಬೆಳೆಸಿದವರು ಅಬ್ಬಾಸಿ ಕಾಲದ ಕುಶಲಿಗಳು. ಪ್ಯಾಲೆಸ್ತೀನಿನ ರಾಮ್ಲಾದಲ್ಲಿ 789ರಲ್ಲಿ ಕಟ್ಟಿದ ನೆಲದಡಿಯ ನೀರಿನ ತೊಟ್ಟಿ, ಕೈರೋದ ರೋಡಾ ದ್ವೀಪದಲ್ಲಿ ನೈಲ್ ನದಿಯ ಏರಿಳಿತ ಅಳೆಯಲು 861ರಲ್ಲಿ ಕಟ್ಟಿದ ಬಾವಿ, 879ರಲ್ಲಿ ಮುಗಿದ ಅಲ್ಲಿಯದೇ ಇಬ್ನ್ ತುಲುನ್ ಮಸೀದಿ, ಈ ಮೂರರಲ್ಲಿಯೂ ಸ್ಪಷ್ಟವಾದ ಮೊನಚು ಕಮಾನುಗಳನ್ನು ಇಂದಿಗೂ ನೋಡಬಹುದು. ಇವುಗಳಲ್ಲಿ ಎರಡು ನೀರಿನ ಕಟ್ಟಡಗಳು ಎಂಬುದನ್ನು ಗಮನಿಸಬೇಕು. ಮೊನಚು ಕಮಾನಿಗೆ ಧಾರ್ಮಿಕ ಅರ್ಥ ಹಚ್ಚುವವರು ಇಂಥ ತೊಟ್ಟಿ ಬಾವಿಗಳನ್ನು ಮರೆತುಬಿಡುತ್ತಾರೆ.

ಯುರೋಪಿನ ದೊಡ್ಡ ಚರ್ಚುಗಳಲ್ಲಿ ಅದು ಕಾಣಿಸಿಕೊಳ್ಳುವುದು ಇದಾಗಿ ಎರಡು ಶತಮಾನಗಳ ಮೇಲೆ. ಫ್ರಾನ್ಸಿನ ಬರ್ಗಂಡಿಯಲ್ಲಿ 1088ರಲ್ಲಿ ಆರಂಭವಾದ ಕ್ಲೂನಿ ಮಠದ ಮೂರನೆಯ ಚರ್ಚಿನ ಕಂಬಸಾಲುಗಳಲ್ಲಿ ಮೊನಚು ಕಮಾನುಗಳಿದ್ದವು. ಅಲ್ಲಿಯ ಮಠಾಧಿಪತಿ ಹ್ಯೂ ಅದಕ್ಕೆ ಮುಂಚೆ ಇಟಲಿಯ ಮಾಂಟೆ ಕಸಿನೊ ಮಠಕ್ಕೆ ಹೋಗಿ ಬಂದಿದ್ದರೆಂದೂ, ಆ ಮಠಕ್ಕೆ ಅಮಾಲ್ಫಿಯ ವರ್ತಕರ ಮೂಲಕ ಈಜಿಪ್ಟಿನ ಕಟ್ಟಡಕಲೆಯ ಪರಿಚಯವಿತ್ತೆಂದೂ ಒಂದು ವಾದವಿದೆ. ನಾರ್ಮನ್ನರು ಆಳುತ್ತಿದ್ದ ಸಿಸಿಲಿಯಲ್ಲಂತೂ ಅರಬ್ ಕುಶಲಿಗಳು ಕ್ರೈಸ್ತ ದೊರೆಗಳಿಗಾಗಿಯೇ ಕೆಲಸ ಮಾಡಿದರು. ಪಲೆರ್ಮೊದ ಅರಮನೆಯ ಪ್ರಾರ್ಥನಾಮಂದಿರದಲ್ಲಿ 12ನೇ ಶತಮಾನದ ಮುಕರ್ನಸ್ ಚಾವಣಿ, ಅಂದರೆ ಜೇನುಗೂಡಿನಂಥ ಮರದ ಕೆತ್ತನೆ, ಕ್ರಿಸ್ತನ ಮೊಸಾಯಿಕ್ ಚಿತ್ರದೊಡನೆ ಒಂದೇ ಸೂರಿನಡಿ ಇದೆ. ಲಂಡನ್ನಿನ ಸೇಂಟ್ ಪಾಲ್ಸ್ ಕಟ್ಟಿದ ಕ್ರಿಸ್ಟೋಫರ್ ರೆನ್ ಮೊನಚು ಕಮಾನುಗಳ ಈ ಯುರೋಪಿನ ಚರ್ಚುಶೈಲಿಯನ್ನು, ಅಂದರೆ ಗಾಥಿಕ್ ಶೈಲಿಯನ್ನು, ಸಾರಾಸೆನ್ (ಅರಬ್ ಮುಸ್ಲಿಮರ) ಶೈಲಿ ಎಂದೇ ಕರೆಯಬೇಕೆಂದು ವಾದಿಸಿದ್ದ. ಕಮಾನು ಯಾವ ದಾರಿಯಲ್ಲಿ ಬಂತೆಂಬುದನ್ನು ಹೆಜ್ಜೆ ಹೆಜ್ಜೆಯಾಗಿ ತೋರಿಸುವ ದಾಖಲೆಗಳಿಲ್ಲ, ಆದರೂ ಮೆಡಿಟರೇನಿಯನ್ನಿನ ವ್ಯಾಪಾರ, ಯಾತ್ರೆ, ಯುದ್ಧಗಳು ಇಷ್ಟು ದಟ್ಟವಾಗಿದ್ದಾಗ ಯುರೋಪು ಇದನ್ನು ತಾನೇ ಹೊಸದಾಗಿ ಕಂಡುಹಿಡಿಯಿತೆಂದು ನಂಬುವುದು ಕಷ್ಟ. ಹಾಗೆಂದು ರೆನ್ ಹೇಳಿದಷ್ಟು ದೂರ ನಾನು ಹೋಗಲಾರೆ. ಬಂದದ್ದು ಕಮಾನು, ಅದರಿಂದ ಮುಂದೆ ಮಾಡಿದ್ದು ಅಲ್ಲಿಯವರದೇ ಕೆಲಸ.

ಆ ಕೆಲಸ ಮೊದಲು ಎದ್ದು ಕಾಣುವುದು ನೀವು ನೋಡಿದ ಡರ್ಹಾಮಿನಲ್ಲಿ. 1093ರಲ್ಲಿ ಅಡಿಪಾಯ ಹಾಕಿದ ಈ ಚರ್ಚಿನ ಒಳಗೆ ನಿಂತು ಮೇಲೆ ಕೆಳಗೆ ಎರಡನ್ನೂ ನೋಡಬೇಕು. ಜಿಗ್‌ಜ್ಯಾಗ್ ಮತ್ತು ವಜ್ರಾಕೃತಿಯ ಗೀರುಗಳನ್ನು ಕೊರೆದ ದೈತ್ಯ ಕಂಬಗಳನ್ನು ಸೇರಿಸುವ ಕೆಳಗಿನ ಕಮಾನುಗಳೆಲ್ಲ ಅರ್ಧವೃತ್ತದವು. ಮೇಲೆ ಚಾವಣಿಯಲ್ಲಿ ಅಂಕಣದ ಮೂಲೆಯಿಂದ ಮೂಲೆಗೆ ಓರೆಯಾಗಿ ದಾಟುವ ಪಕ್ಕೆಲುಬಿನಂಥ ಕಲ್ಲುಪಟ್ಟಿಗಳೂ ಅರ್ಧವೃತ್ತದವೇ. ಆದರೆ ಗೋಡೆಯಿಂದ ಗೋಡೆಗೆ ಅಡ್ಡಲಾಗಿ ಹಾಯ್ದ ಕಮಾನುಗಳು ಮಾತ್ರ ಮೊನಚಾಗಿವೆ. ಓರೆಪಟ್ಟಿಯ ಅಂತರ ಹೆಚ್ಚು, ಅಡ್ಡ ಕಮಾನಿನದು ಕಡಿಮೆ; ಎರಡರ ನೆತ್ತಿಯನ್ನೂ ಒಂದೇ ಮಟ್ಟಕ್ಕೆ ತರಲು ಅಡ್ಡ ಕಮಾನನ್ನು ಮುರಿದು ಮೇಲೆತ್ತಲೇಬೇಕಿತ್ತು. ಮೇಲೆ ಹೇಳಿದ 5, 10, 11 ಅಡಿಗಳ ತೊಡಕಿಗೆ ಇದೇ ಪರಿಹಾರ. 1133ರ ಹೊತ್ತಿಗೆ ಮುಗಿದ ಈ ಚಾವಣಿಯಲ್ಲಿ ಮೊನಚು ಕಮಾನು ಅಲಂಕಾರವಾಗಿ ಬಂದಿಲ್ಲ, ಲೆಕ್ಕ ಸರಿಮಾಡಲು ಬಂದಿದೆ. ನಿಮಗೆ ಕಲಬುರಗಿ ನೆನಪಾದದ್ದು ಈ ಅಡ್ಡ ಕಮಾನುಗಳನ್ನು ಕಂಡೇ ಇರಬೇಕು.

ಕಲ್ಲುಪಟ್ಟಿಗಳ ವಿಷಯಕ್ಕೂ ಒಂದು ಮಾತು. ಕಾರ್ಡೋಬಾದಲ್ಲಿ 960ರ ದಶಕದಲ್ಲಿ, ಖಲೀಫ ಎರಡನೆಯ ಅಲ್ ಹಕಮನ ಕಾಲದಲ್ಲಿ, ಮಿಹ್ರಾಬಿನ (ಪ್ರಾರ್ಥನೆಯ ದಿಕ್ಕು ತೋರಿಸುವ ಗೋಡೆಗೂಡಿನ) ಮುಂದೆ ಕಟ್ಟಿದ ಗುಮ್ಮಟಗಳಲ್ಲಿಯೂ ಇಂಥ ಪಟ್ಟಿಗಳು ಒಂದನ್ನೊಂದು ಹೆಣೆದುಕೊಂಡಿವೆ. ಡರ್ಹಾಮಿನ ಪಟ್ಟಿಗಳಿಗೆ ಇವೇ ಮೂಲ ಎಂದು ಹೇಳುವವರಿದ್ದಾರೆ. ನನಗೆ ಅದು ಒಪ್ಪಿತವಲ್ಲ. ಕಾರ್ಡೋಬಾದ ಪಟ್ಟಿಗಳು ನಡುಬಿಂದುವನ್ನು ಬಿಟ್ಟು ಪಕ್ಕಕ್ಕೆ ಹಾಯ್ದು, ನಡುವೆ ಎಂಟು ಮೂಲೆಯ ಜಾಗ ಉಳಿಸಿ ಅದರ ಮೇಲೆ ಪುಟ್ಟ ಗುಮ್ಮಟ ಹೊರುತ್ತವೆ; ಡರ್ಹಾಮಿನವು ನಡುವೆಯೇ ಕೂಡಿ ಸಾಲು ಸಾಲು ಅಂಕಣಗಳನ್ನು ಹೊದಿಸುತ್ತವೆ. ಉದ್ದೇಶವೂ ಬೇರೆ, ಜ್ಯಾಮಿತಿಯೂ ಬೇರೆ.

ಚಾವಣಿ ಎತ್ತರಕ್ಕೆ ಹೋದಂತೆ ಒದೆತವೂ ಎತ್ತರದಲ್ಲಿಯೇ ಗೋಡೆಗೆ ತಾಗುತ್ತದೆ. ಡರ್ಹಾಮಿನಲ್ಲಿ ಅದನ್ನು ತಡೆಯಲು ಪಕ್ಕದ ಮಾಳಿಗೆಯ ಸೂರಿನ ಕೆಳಗೆ ಕಾಲುವೃತ್ತದ ಆಸರೆಕಮಾನುಗಳನ್ನು ಅಡಗಿಸಿಟ್ಟಿದ್ದಾರೆ. ಒಳಗೆ ನಿಂತವರಿಗೆ ಅವು ಕಾಣವು. ಪ್ಯಾರಿಸಿನ ಸುತ್ತ ಅವೇ ಆಸರೆಗಳು 12ನೇ ಶತಮಾನದಲ್ಲಿ ಸೂರನ್ನು ಬಿಟ್ಟು ಬಯಲಿಗೆ ಬಂದವು. ಇವೇ ಫ್ಲೈಯಿಂಗ್ ಬಟ್ರೆಸ್‌ಗಳು. ನಡುಮಂಟಪದ ಗೋಡೆಯ ನೆತ್ತಿಯಿಂದ ಹೊರಟು ಪಕ್ಕದ ಓಣಿಯ ಚಾವಣಿಯ ಮೇಲೆ ಹಾರಿ ಹೊರಗಿನ ದಪ್ಪ ಕಲ್ಲುಕಂಬಕ್ಕೆ ಒದೆತವನ್ನು ಸಾಗಿಸುವ ಅರೆಗಮಾನುಗಳು ಅವು. ಆ ಕಂಬದ ತಲೆಯ ಮೇಲಿನ ಗೋಪುರದಂಥ ಕಲ್ಲುಶಿಖೆ ಬರಿಯ ಅಲಂಕಾರವೆಂದು ತಿಳಿಯಬಾರದು. ಅದರ ಭಾರ ಒದೆತವನ್ನು ಕೆಳಮುಖವಾಗಿ ತಿರುಗಿಸಲು ನೆರವಾಗುತ್ತದೆ. ಒದೆತ ಹೊರಗೆ ಸಾಗಿದ ಮೇಲೆ ನಡುವಿನ ಗೋಡೆಗೆ ಹೊರುವ ಕೆಲಸ ಬಹಳ ಉಳಿಯುವುದಿಲ್ಲ, ಆ ಜಾಗವನ್ನೆಲ್ಲ ಬಣ್ಣದ ಗಾಜಿಗೆ ಬಿಟ್ಟುಕೊಡಬಹುದು. 1194ರ ಬೆಂಕಿಯ ನಂತರ ಮತ್ತೆ ಕಟ್ಟಿದ ಶಾರ್ತ್ರ್ ಕ್ಯಾಥೆಡ್ರಲ್ಲಿನ ಕಿಟಕಿಗಳು ಆ ಗಾತ್ರಕ್ಕೆ ಬೆಳೆದದ್ದು ಹೀಗೆ.

ಈ ತೂಕದಾಟ ಎಷ್ಟು ನಿಜವೆಂಬುದು 2019ರ ಏಪ್ರಿಲ್ 15ರಂದು ಪ್ಯಾರಿಸಿನ ನೋತ್ರ್ ದಾಮ್ ಹೊತ್ತಿ ಉರಿದಾಗ ಎಲ್ಲರಿಗೂ ಕಂಡಿತು. ಓಕ್ ಮರದ ಮೇಲ್ಸೂರು, ಸೀಸದ ಹೊದಿಕೆ, 19ನೇ ಶತಮಾನದ ಶಿಖರ ಎಲ್ಲ ಹೋದವು. ಶಿಖರ ಬಿದ್ದ ಕಡೆ ಕಲ್ಲಿನ ಚಾವಣಿಗೆ ತೂತು ಬಿತ್ತು, ಆದರೂ ಆ ಚಾವಣಿಯ ಬಹುಭಾಗ ನಿಂತೇ ಇತ್ತು. ಮುಂದಿನ ತಿಂಗಳುಗಳಲ್ಲಿ ಎಂಜಿನಿಯರುಗಳು ಹೊರಗಿನ 28 ಫ್ಲೈಯಿಂಗ್ ಬಟ್ರೆಸ್‌ಗಳ ಕೆಳಗೆ ಮರದ ಸೆಂಟ್ರಿಂಗ್ ಕೂರಿಸಿದರು. ಕಾರಣ ಸರಳ: ಚಾವಣಿ ಹೊರಕ್ಕೆ ಒದೆಯುವುದನ್ನು ಬಟ್ರೆಸ್ ಒಳಕ್ಕೆ ಒತ್ತಿ ತಡೆಯುತ್ತಿರುತ್ತದೆ. ಒಳಗಿನ ಚಾವಣಿ ಕುಸಿದುಹೋದರೆ ಎದುರಾಳಿಯಿಲ್ಲದ ಬಟ್ರೆಸ್ ತಾನೇ ಗೋಡೆಯನ್ನು ಒಳಕ್ಕೆ ತಳ್ಳಬಹುದು. ಎಂಟು ನೂರು ವರ್ಷಗಳಿಂದ ಸುಮ್ಮನೆ ನಿಂತಂತೆ ಕಾಣುವ ಕಲ್ಲು ಅಷ್ಟೂ ಕಾಲ ಕೆಲಸ ಮಾಡುತ್ತಲೇ ಇರುತ್ತದೆ.

ಅತಿಯಾಸೆಯ ಉದಾಹರಣೆಯೂ ಇದೆ. ಫ್ರಾನ್ಸಿನ ಬೊವೆ ಎಂಬ ಊರಿನ ಚರ್ಚಿನ ಪೂಜಾಭಾಗದ ಚಾವಣಿಯನ್ನು ಸುಮಾರು 48 ಮೀಟರ್ ಎತ್ತರಕ್ಕೆ ಕಟ್ಟಿ 1272ರಲ್ಲಿ ಮುಗಿಸಿದರು. 1284ರಲ್ಲಿ ಅದರ ಒಂದು ಭಾಗ ಬಿತ್ತು. ರಿಪೇರಿಯಲ್ಲಿ ಕಂಬಗಳ ನಡುವೆ ಮತ್ತೊಂದೊಂದು ಕಂಬ ಸೇರಿಸಿದರು. 1573ರಲ್ಲಿ ಅದರ ಹೊಸ ಗೋಪುರವೂ ಉರುಳಿತು. ಜನ ಕೂರಬೇಕಾದ ನಡುಮಂಟಪವನ್ನು ಅಲ್ಲಿ ಕೊನೆಗೂ ಕಟ್ಟಲಾಗಲಿಲ್ಲ.

ಇಷ್ಟು ಎತ್ತರದ ಹಟ ಮಸೀದಿಗಳಲ್ಲಿ ಏಕಿಲ್ಲ ಎಂದರೆ, ಅಲ್ಲಿ ನೆಲದ ಬಳಕೆ ಬೇರೆ. ಚರ್ಚಿನಲ್ಲಿ ಪಶ್ಚಿಮದ ಬಾಗಿಲಿಂದ ಪೂರ್ವದ ವೇದಿಕೆಯವರೆಗೆ ಮೆರವಣಿಗೆ ಸಾಗುತ್ತದೆ. ಕಟ್ಟಡ ಉದ್ದುದ್ದವಾಗಿ, ಕಣ್ಣು ಒಂದೇ ಕಡೆ ಹರಿಯುವಂತೆ ಬೆಳೆಯಿತು. ನಮಾಜಿನಲ್ಲಿ ಜನ ಮಕ್ಕಾದ ದಿಕ್ಕಿನ ಕಿಬ್ಲಾ ಗೋಡೆಗೆ ಅಭಿಮುಖವಾಗಿ ಹೆಗಲಿಗೆ ಹೆಗಲು ಸೇರಿಸಿ ಅಡ್ಡಸಾಲುಗಳಲ್ಲಿ ನಿಲ್ಲುತ್ತಾರೆ, ಬೇಕಾದದ್ದು ಅಗಲ. ದಿಕ್ಕು ತೋರಿಸುವುದಕ್ಕೆ ಗೋಡೆಯಲ್ಲಿ ಒಂದು ಮಿಹ್ರಾಬು, ಪ್ರವಚನಕ್ಕೆ ಅದರ ಪಕ್ಕ ಮೆಟ್ಟಿಲಿನ ಮಿಂಬರು ಇದ್ದರೆ ಸಾಕು. ಊರಿನ ಜನಸಂಖ್ಯೆ ಹೆಚ್ಚಿದಾಗ ಮತ್ತಷ್ಟು ಕಂಬಸಾಲು ಸೇರಿಸಿ ಮಸೀದಿಯನ್ನು ಹಿಗ್ಗಿಸಬಹುದಿತ್ತು. ಕಾರ್ಡೋಬಾದಲ್ಲಿ ಆದದ್ದು ಅದೇ: ಮೊದಲನೆಯ ಅಬ್ದುರ್ ರಹಮಾನ್ 780ರ ದಶಕದಲ್ಲಿ ಕಟ್ಟಿಸಿದ್ದನ್ನು ಮುಂದಿನವರು 9 ಮತ್ತು 10ನೇ ಶತಮಾನಗಳಲ್ಲಿ ಮತ್ತೆ ಮತ್ತೆ ವಿಸ್ತರಿಸಿದರು. ಮೊದಲ ಹಂತದ ಕಂಬಗಳು ಹಳೆಯ ರೋಮನ್ ಕಟ್ಟಡಗಳಿಂದ ಮತ್ತು ಅರಬರಿಗಿಂತ ಮೊದಲು ಸ್ಪೇನ್ ಆಳಿದ ವಿಸಿಗಾಥರ ಕಟ್ಟಡಗಳಿಂದ ತಂದವು, ಗಿಡ್ಡ ಕಂಬಗಳು. ಚಾವಣಿಗೆ ಬೇಕಾದ ಎತ್ತರ ಸಿಗಲೆಂದು ಒಂದು ಕಮಾನಿನ ಮೇಲೆ ಇನ್ನೊಂದು ಕಮಾನು ಇಟ್ಟರು; ಕೆಂಪು ಇಟ್ಟಿಗೆ, ಬಿಳಿ ಕಲ್ಲಿನ ಪಟ್ಟೆಗಳು ಅಲ್ಲಿಯ ಗುರುತಾದವು. ಕೆಳಗಿನ ಸಾಲು ಕುದುರೆ ಲಾಳದ ಆಕಾರದ್ದು. ಈ ಲಾಳಗಮಾನು ಅರಬರು ಸ್ಪೇನಿಗೆ ಬರುವ ಮೊದಲೇ, 661ರ ಸಾನ್ ಹುವಾನ್ ದೆ ಬಾನ್ಯೊಸ್ ಚರ್ಚಿನಲ್ಲಿ ಇತ್ತು. ಅಂದರೆ ಕೊಡುಕೊಳ್ಳುವಿಕೆ ಒಂದೇ ದಿಕ್ಕಿನಲ್ಲಿ ನಡೆದಿಲ್ಲ.

ಈಗ ಕಲಬುರಗಿಗೆ ಬರುತ್ತೇನೆ. ಕಾರ್ಡೋಬಾದ ಜೊತೆ ಅದನ್ನು ಹೋಲಿಸುವ ಮಾತು ಹುಟ್ಟಿದ್ದು ಒಂದೇ ಒಂದು ಲಕ್ಷಣದಿಂದ: ಎರಡೂ ಕಡೆ ಸೂರಿನ ಕೆಳಗೆ ಕಂಬಗಳ ಕಾಡು. ಆದರೆ ಕಾರ್ಡೋಬಾದ ಮಸೀದಿಗೆ ದೊಡ್ಡ ತೆರೆದ ಅಂಗಳವಿದೆ, ಇಂದು ಅಲ್ಲಿ ಕಿತ್ತಳೆ ಗಿಡಗಳಿವೆ. ಕಲಬುರಗಿಯ ವಿಶೇಷವೇ ಅಂಗಳವಿಲ್ಲದಿರುವುದು, 216 ಅಡಿ ಉದ್ದ 176 ಅಡಿ ಅಗಲದ ನೆಲವೆಲ್ಲ ಚಾವಣಿಯ ಕೆಳಗಿದೆ. ಅಲ್ಲಿ ಸಪುರವಾದ ದುಂಡು ಕಂಬ, ಇಲ್ಲಿ ಗಾರೆ ಬಳಿದ ದಪ್ಪ ಚೌಕಗಂಬ. ಅಲ್ಲಿ ಲಾಳದ ಕಮಾನು, ಇಲ್ಲಿ ಮೊನಚು ಕಮಾನು. ಅಲ್ಲಿಯ ಚಾವಣಿ ಮರದ್ದು, ಗುಮ್ಮಟಗಳಿರುವುದು ಕೆಲವೇ ಕಡೆ, ಮುಖ್ಯವಾಗಿ ಮಿಹ್ರಾಬಿನ ಮುಂದೆ. ಇಲ್ಲಿ ಅರುವತ್ತಕ್ಕೂ ಹೆಚ್ಚು ಸಣ್ಣ ಗುಮ್ಮಟಗಳು, ನಾಲ್ಕು ಮೂಲೆಗೆ ನಾಲ್ಕು ಮಧ್ಯಮ ಗಾತ್ರದವು, ಮಿಹ್ರಾಬಿನ ಮುಂದೆ ಎತ್ತರದ ಚೌಕದ ಮೇಲೆ ಒಂದು ದೊಡ್ಡದು. ಇಷ್ಟು ಭೇದಗಳ ನಡುವೆ ನಕಲು ಎಲ್ಲಿ ಉಳಿಯಿತು?

ಮೂಲವನ್ನು ಹುಡುಕಲೇಬೇಕೆಂದರೆ ಸ್ಪೇನಿನವರೆಗೆ ಹೋಗುವ ಅಗತ್ಯವಿಲ್ಲ. 1367ರ ಶಾಸನ ಕಟ್ಟಿದವನ ಹೆಸರು ಹೇಳುತ್ತದೆ: ಕಜ್ವೀನಿನ ಮನ್ಸೂರನ ಮಗನಾದ ಶಂಸನ ಮಗ ರಫಿ. ಕಜ್ವೀನ್ ಇರುವುದು ಇರಾನಿನಲ್ಲಿ. ಬಹಮನಿಗಳು ಕಡಿದುಕೊಂಡು ಬಂದದ್ದು 1347ರಲ್ಲಿ, ದೆಹಲಿಯ ತುಘಲಕರಿಂದ. ಅದೇ ಶತಮಾನದಲ್ಲಿ ದೆಹಲಿಯಲ್ಲಿ ಕಟ್ಟಿದ ಖಿಡ್ಕಿ ಮಸೀದಿಯಲ್ಲಿಯೂ ದೊಡ್ಡ ಅಂಗಳದ ಬದಲು ಬೆಳಕಿಗಾಗಿ ನಾಲ್ಕು ಸಣ್ಣ ಚೌಕಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಮುಚ್ಚಿದ್ದಾರೆ, ಚಾವಣಿಯ ಮೇಲೆ ಒಂಬತ್ತೊಂಬತ್ತರ ಗುಂಪಿನಲ್ಲಿ ಗುಮ್ಮಟಗಳಿವೆ. ಕಲಬುರಗಿಯವರು ಆ ಯೋಚನೆಯನ್ನು ಇನ್ನೂ ಮುಂದಕ್ಕೆ ಒಯ್ದರು ಎಂದು ನನ್ನ ಅಭಿಪ್ರಾಯ. ರಚನೆಯ ದೃಷ್ಟಿಯಿಂದ ನಿಮ್ಮ ಮಸೀದಿಯ ಅಂಚು ಬಹಳ ಜಾಣತನದ್ದು. ಒಳಗಿನ ಸಣ್ಣ ಗುಮ್ಮಟಗಳ ಒದೆತವನ್ನು ಅಕ್ಕಪಕ್ಕದ ಗುಮ್ಮಟಗಳು ಎದುರು ಒದ್ದು ಸಮಮಾಡುತ್ತವೆ, ಉಳಿಯುವುದು ಅಂಚಿನ ಸಾಲಿನ ಒದೆತ. ಅಲ್ಲಿ ಮೂರು ಕಡೆ ಬುಡ ಬಹಳ ತಗ್ಗಿನಲ್ಲಿರುವ, ತೀರ ಅಗಲವಾದ ಕಮಾನುಗಳ ಓಣಿಯಿದೆ. ನೀವು ಆ ಓಣಿಯಲ್ಲಿ ನಡೆದಾಗ ಕಮಾನು ಸೊಂಟದ ಹತ್ತಿರದಿಂದಲೇ ಎದ್ದಂತೆ ಅನಿಸಿರಬಹುದು. ಬುಡ ತಗ್ಗಿದ್ದಷ್ಟೂ ಒದೆತ ನೆಲಕ್ಕೆ ಹತ್ತಿರ. ಗೋಡೆಯನ್ನು ಹೊರಕ್ಕೆ ಉರುಳಿಸಲು ಅದಕ್ಕೆ ಹಿಡಿತ ಸಿಗುವುದಿಲ್ಲ. ಹೊರಗೆ ಒಂದೂ ಬಟ್ರೆಸ್ ಇಲ್ಲದೆ ಫ್ರಾನ್ಸಿನವರ ಸಮಸ್ಯೆಯನ್ನು ಇಲ್ಲಿ ಬಗೆಹರಿಸಿದ್ದಾರೆ. ಕಟ್ಟಡ ತಗ್ಗಾಗಿರುವುದರಿಂದಲೇ ಅದು ಸಾಧ್ಯವಾಯಿತು ಎಂಬುದನ್ನೂ ಒಪ್ಪಬೇಕು.

ಚೌಕದ ಮೇಲೆ ದುಂಡು ಗುಮ್ಮಟ ಕೂರಿಸುವಾಗ ನಾಲ್ಕು ಮೂಲೆಗಳನ್ನು ತುಂಬುವುದು ಇನ್ನೊಂದು ಕೆಲಸ. ಇಸ್ತಾಂಬುಲಿನ ಹಗಿಯಾ ಸೋಫಿಯಾ 537ರಲ್ಲಿ ಮುಗಿದಾಗ ಅಲ್ಲಿ ಬಾಗಿದ ತ್ರಿಕೋನಗಳನ್ನು ಬಳಸಿದ್ದರು, ಇರಾನಿನವರು ಮೂಲೆಗೆ ಅಡ್ಡಲಾಗಿ ಸಣ್ಣ ಕಮಾನು ಕಟ್ಟಿದರು. ವಿಜಯಪುರದ ಗೋಲಗುಮ್ಮಟ ಇವೆರಡನ್ನೂ ಬಿಟ್ಟು ಮೊನಚು ಕಮಾನುಗಳನ್ನೇ ಒಂದಕ್ಕೊಂದು ಹೆಣೆದು ಮೇಲೆ ಉಂಗುರ ಮಾಡಿಕೊಂಡಿತು, ಆದರೆ ಅದು 17ನೇ ಶತಮಾನದ್ದಾದ್ದರಿಂದ ಇಲ್ಲಿಗೆ ಬಿಡುತ್ತೇನೆ.

ಕೋಟೆಗೆ ಬಂದರೆ ಲೆಕ್ಕವೇ ತಿರುಗುಮುರುಗು. ಚರ್ಚಿನವರು ಗೋಡೆಯನ್ನು ಕರಗಿಸಲು ನೋಡಿದರೆ ಕೋಟೆಯವರಿಗೆ ಗೋಡೆಯೇ ಸರ್ವಸ್ವ. ಲಂಡನ್ನಿನಲ್ಲಿ ಮೊದಲನೆಯ ವಿಲಿಯಂ 1070ರ ದಶಕದಲ್ಲಿ ಆರಂಭಿಸಿದ ವೈಟ್ ಟವರಿನ ಗೋಡೆ ಬುಡದಲ್ಲಿ ಸುಮಾರು 15 ಅಡಿ ದಪ್ಪವಿದೆ. ಇಷ್ಟು ದಪ್ಪದ ಗೋಡೆಗೆ ಯಾವ ಕಮಾನಿನ ಒದೆತವೂ ಲೆಕ್ಕಕ್ಕಿಲ್ಲ, ಹೀಗಾಗಿ ಅಲ್ಲಿ ಕಮಾನಿನ ಆಕಾರದ ಬಗ್ಗೆ ಯಾರಿಗೂ ಅವಸರವಿರಲಿಲ್ಲ. ಕಿಟಕಿ ಒಳಗಿನಿಂದ ಅಗಲವಾಗಿ ಹೊರಗೆ ಸೀಳಿನಷ್ಟೇ ಇರುವುದು ಬಿಲ್ಲುಗಾರನಿಗಾಗಿ: ಒಳಗೆ ಅವನು ಪಕ್ಕಕ್ಕೆ ಸರಿದು ಗುರಿಯಿಡಬಹುದು, ಹೊರಗಿನವನಿಗೆ ಅವನು ಸಿಕ್ಕುವುದಿಲ್ಲ.

ರೋಚೆಸ್ಟರಿನ ದುಂಡು ಮೂಲೆಯ ಕಥೆ ಇಲ್ಲಿಯೇ ಬರುತ್ತದೆ. ಸುಮಾರು 1127ರಲ್ಲಿ ಕಟ್ಟಲು ತೊಡಗಿದ ಆ ಚೌಕ ಬುರುಜನ್ನು 1215ರಲ್ಲಿ ದಂಗೆಯೆದ್ದ ಸರದಾರರು ಹಿಡಿದಿದ್ದರು. ಜಾನ್ ದೊರೆ ಮುತ್ತಿಗೆ ಹಾಕಿದ. ಅವನ ಕಡೆಯವರು ಆಗ್ನೇಯ ಮೂಲೆಯ ತಳದಡಿ ಸುರಂಗ ತೋಡಿ, ಮೇಲಿನ ಗೋಡೆ ಕೂಡಲೇ ಕುಸಿಯದಂತೆ ಮರದ ಆನಿಕೆಗಳನ್ನು ಕೊಟ್ಟರು. ಆಗ ದೊರೆ, ತಿನ್ನಲು ಅಷ್ಟು ಒಳ್ಳೆಯದಲ್ಲದ, ಆದರೆ ಕೊಬ್ಬು ತುಂಬಿದ ನಲವತ್ತು ಹಂದಿಗಳನ್ನು ಕಳುಹಿಸಿ ಎಂದು ಬರೆಸಿದ ಆಜ್ಞೆ ದಾಖಲೆಯಲ್ಲಿ ಉಳಿದಿದೆ. ಆ ಕೊಬ್ಬಿನಿಂದ ಆನಿಕೆಗಳಿಗೆ ಬೆಂಕಿ ಇಟ್ಟಾಗ ಮರ ಸುಟ್ಟು, ಮೂಲೆ ಸುರಂಗಕ್ಕೆ ಇಳಿದು ಒಡೆಯಿತು. ಮುಂದೆ ಅದನ್ನು ಮತ್ತೆ ಕಟ್ಟುವಾಗ ದುಂಡಗೆ ಕಟ್ಟಿದರು. ಚೌಕ ಮೂಲೆ ಎರಡು ಕಡೆಯಿಂದ ತೆರೆದಿರುತ್ತದೆ. ಅದರ ಅಂಚಿನ ಕಲ್ಲುಗಳನ್ನು ಕಿತ್ತರೆ ಹಿಂದಿನದನ್ನು ಹಿಡಿಯುವುದಕ್ಕೆ ಏನೂ ಇಲ್ಲ, ಸಾಲದುದಕ್ಕೆ ಬುರುಜಿನ ಮೇಲಿನವರಿಗೆ ಮೂಲೆಯ ನೇರ ಕೆಳಗೆ ನಿಂತ ವೈರಿ ಕಾಣುವುದಿಲ್ಲ. 13ನೇ ಶತಮಾನದಲ್ಲಿ ದುಂಡು ಬುರುಜುಗಳು ಎಲ್ಲೆಡೆ ಹೆಚ್ಚಿದ್ದಕ್ಕೆ ಇಂಥ ಅನುಭವಗಳೇ ಕಾರಣ. ರೋಚೆಸ್ಟರಿನಲ್ಲಿ ಆ ಬದಲಾವಣೆಯನ್ನು ಒಂದೇ ಕಟ್ಟಡದಲ್ಲಿ ನೋಡಬಹುದು.

ನಿಮ್ಮ ಪ್ರಶ್ನೆಯ ಚರ್ಚು, ಮಸೀದಿ, ಕೋಟೆ ಮೂರೂ ಒಟ್ಟಿಗೆ ಸಿಗುವ ಕಟ್ಟಡವೊಂದಿದೆ: ಸಿರಿಯಾದ ಕ್ರಾಕ್ ದೆ ಶೆವಲಿಯೆ. 1140ರ ದಶಕದಲ್ಲಿ ಹಾಸ್ಪಿಟಲರ್ ಎಂಬ ಕ್ರೈಸ್ತ ಯೋಧಸಂಘಕ್ಕೆ ಸಿಕ್ಕಿದ ಈ ಬೆಟ್ಟದ ಕೋಟೆಗೆ ಎರಡು ಸುತ್ತಿನ ಗೋಡೆಗಳಿವೆ. ಒಳಗೋಡೆ ಎತ್ತರ, ಹೊರಗೋಡೆ ತಗ್ಗು, ಹೀಗಾಗಿ ಎರಡರ ಮೇಲಿಂದಲೂ ಒಟ್ಟಿಗೆ ಬಾಣ ಬಿಡಬಹುದು. ಸುರಂಗ ತೋಡುವವರನ್ನು ತಡೆಯಲು ದಕ್ಷಿಣದ ಒಳಗೋಡೆಯ ಬುಡಕ್ಕೆ ಕಲ್ಲಿನ ಇಳಿಜಾರು ಕಟ್ಟಿದ್ದಾರೆ. ಪ್ರವೇಶದ ದಾರಿ ಕತ್ತಲೆಯ ಕಮಾನುಚಾವಣಿಯ ಕೆಳಗೆ ಏರುತ್ತ ಹೋಗಿ ಥಟ್ಟನೆ ಹಿಂದಕ್ಕೆ ತಿರುಗುತ್ತದೆ. ಓಡಿ ಬಂದು ಬಾಗಿಲಿಗೆ ಗುದ್ದುವ ಅವಕಾಶ ಯಾರಿಗೂ ಇಲ್ಲ. ಹೊರಗೋಡೆಯ ಮೇಲೆ ಕಲ್ಲಿನ ಚಾಚುಗಳ ಮೇಲೆ ನಿಂತ, ತಳದಲ್ಲಿ ತೆರಪಿರುವ ಗೂಡುಗಳಿವೆ. ಅವುಗಳಿಂದ ನೇರ ಕೆಳಗೆ ಕಲ್ಲು ಬೀಳಿಸಬಹುದು. ಇಂಥ ಗೂಡು ಸಿರಿಯಾದ ಮರುಭೂಮಿಯ ಕಸ್ರ್ ಅಲ್ ಹೈರ್ ಅರಮನೆಯ ಬಾಗಿಲಿನ ಮೇಲೆ 8ನೇ ಶತಮಾನದಲ್ಲಿಯೇ ಇತ್ತು. ಯುರೋಪಿನಲ್ಲಿ ಅದೇ ಕೆಲಸಕ್ಕೆ ಬಹುಕಾಲ ಮರದ ಅಟ್ಟಣೆ ಕಟ್ಟುತ್ತಿದ್ದರು, ಅದಕ್ಕೆ ಬೆಂಕಿ ತಗಲುತ್ತಿತ್ತು. ನಮ್ಮ ಬೀದರ ಕೋಟೆಯ ಗೋಡೆಗಳ ಮೇಲೂ ಇಂಥ ಚಾಚುಗೂಡುಗಳಿವೆ, ತೆನೆಗಳ ನಡುವೆ ಹುಡುಕಿದರೆ ಕಾಣುತ್ತವೆ.

ಕ್ರಾಕಿನ ಒಳಗೋಡೆಯೊಳಗಿನ ಚರ್ಚು 1170ರ ಭೂಕಂಪದ ನಂತರ ಕಟ್ಟಿದ್ದು. ಉದ್ದನೆಯ ಒಂದೇ ಅಂಕಣ, ತುಸು ಮೊನಚಾದ ಕಮಾನುಚಾವಣಿ, ಪೂರ್ವದ ತುದಿಯಲ್ಲಿ ಅರೆವೃತ್ತದ ಪೂಜಾಸ್ಥಳ. 1271ರಲ್ಲಿ ಈಜಿಪ್ಟಿನ ಮಾಮ್ಲೂಕ್ ಸುಲ್ತಾನ ಬೈಬರ್ಸ್ ಕೋಟೆ ಗೆದ್ದ ಮೇಲೆ ಅದು ಮಸೀದಿಯಾಯಿತು. ಸಿರಿಯಾದಿಂದ ಮಕ್ಕಾ ದಕ್ಷಿಣಕ್ಕಿರುವುದರಿಂದ ಚಾವಣಿಯನ್ನು ಮುಟ್ಟದೆ ಉದ್ದನೆಯ ದಕ್ಷಿಣ ಗೋಡೆಯಲ್ಲಿ ಮಿಹ್ರಾಬು ಕೊರೆದು ಪಕ್ಕದಲ್ಲಿ ಕಲ್ಲಿನ ಮಿಂಬರ್ ಇಟ್ಟರು. ಪೂರ್ವದ ತುದಿಗೆ ಮುಖಮಾಡಿ ನಿಲ್ಲುತ್ತಿದ್ದ ಜಾಗದಲ್ಲಿ ಜನ ಪಕ್ಕದ ಗೋಡೆಗೆ ಮುಖಮಾಡಿ ನಿಂತರು, ಚರ್ಚಿನ ಉದ್ದವೇ ಮಸೀದಿಯ ಅಗಲವಾಯಿತು. ಮೇಲಿನ ಮೊನಚು ಕಮಾನು ಮೊದಲು ಹೊತ್ತ ಭಾರವನ್ನೇ ಹೊತ್ತುಕೊಂಡಿತ್ತು.

ಇನ್ನು ಸುರುಳಿ ಮೆಟ್ಟಿಲು. ಏರುವವನ ಬಲಗೈಗೆ ನಡುಗಂಬ ಅಡ್ಡಬರುವಂತೆ ಪ್ರದಕ್ಷಿಣವಾಗಿ ಮೆಟ್ಟಿಲು ಕಟ್ಟಿದರು ಎಂಬ ಮಾತನ್ನು ಬಹುತೇಕ ಎಲ್ಲ ಕೋಟೆಗಳಲ್ಲಿಯೂ ಹೇಳುತ್ತಾರೆ. ಅಪ್ರದಕ್ಷಿಣವಾಗಿ ತಿರುಗುವ ಮೆಟ್ಟಿಲುಗಳು ಕೋಟೆಗಳಲ್ಲಿ ಸಾಕಷ್ಟಿವೆ, ಹೋರಾಟದ ಪ್ರಶ್ನೆಯೇ ಇಲ್ಲದ ಚರ್ಚುಗಳ ಗಂಟೆಗೋಪುರಗಳಲ್ಲಿ ಪ್ರದಕ್ಷಿಣ ಮೆಟ್ಟಿಲುಗಳೂ ಬಹಳ ಇವೆ. ವೈರಿ ಮುಖ್ಯ ಬುರುಜಿನ ಮೆಟ್ಟಿಲವರೆಗೆ ಬಂದಿದ್ದಾನೆಂದರೆ ಕಂದಕ, ಗೋಡೆ, ಬಾಗಿಲುಗಳೆಲ್ಲ ಅದಾಗಲೇ ಅವನ ಕೈಸೇರಿರುತ್ತವೆ. ಆ ಹೊತ್ತಿನಲ್ಲಿ ಕೋಟೆಗಳು ಸಾಮಾನ್ಯವಾಗಿ ಶರಣಾಗುತ್ತಿದ್ದವು. ಮೆಟ್ಟಿಲು ಯಾವ ಕಡೆ ತಿರುಗಬೇಕೆಂಬುದನ್ನು ಬಾಗಿಲು ಎಲ್ಲಿದೆ, ಮೇಲಿನ ಕೋಣೆಗೆ ಎಲ್ಲಿ ತೆರೆಯಬೇಕು, ಬೆಳಕು ಎತ್ತಣಿಂದ ಎಂಬ ಸಾಧಾರಣ ಅಗತ್ಯಗಳೇ ಹೆಚ್ಚಾಗಿ ನಿರ್ಧರಿಸಿದವು ಎಂದು ತಿಳಿಯುವುದು ಸರಿ.